ಯೋನಿ ಮಾರ್ಗದ ರೋಬೋಟಿಕ್ ಗರ್ಭಕೋಶ ಶಸ್ತ್ರಚಿಕಿತ್ಸೆ: ಅಕ್ಕನಿಗೆ ಇದು ನಿಜವಾಗಿಯೂ ಬೇಕೇ?

ಆಲ್ದೂರಿನ ತಂಗಿ

ವೇದಿಕೆಯ ಹಿರಿಯರಿಗೆಲ್ಲ ನಮಸ್ಕಾರ. ನಮ್ಮ ಅಕ್ಕನಿಗೆ ಈಗ 46 ವರ್ಷ. ಆಲ್ದೂರಿನ ಆಚೆ ನಾಲ್ಕು ಎಕರೆ ಕಾಫಿ ತೋಟವಿದೆ. ಆಳುಗಳು ಸಿಗದ ವರ್ಷ ಅವಳೇ ಭಾವನ ಜೊತೆ ನಿಂತು ಹಣ್ಣು ಕೊಯ್ಯುತ್ತಾಳೆ. ಎರಡು ವರ್ಷಗಳಿಂದ ಮುಟ್ಟಾದರೆ ಎಂಟು ಹತ್ತು ದಿನ ರಕ್ತ ನಿಲ್ಲುವುದಿಲ್ಲ, ಹೆಪ್ಪುಹೆಪ್ಪಾಗಿ ಹೋಗುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ಕಳೆದ ತಿಂಗಳು ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 8.2 ಇತ್ತು. ಸ್ಕ್ಯಾನಿಂಗ್ ವರದಿಯಲ್ಲಿ ಅಡಿನೊಮಯೋಸಿಸ್ (ಗರ್ಭಕೋಶದ ಒಳಪದರ ಅದರ ಸ್ನಾಯುವಿನೊಳಗೇ ಬೆಳೆಯುವ ತೊಂದರೆ) ಎಂದೂ, ನಾಲ್ಕು ಸೆಂಟಿಮೀಟರಿನ ಒಂದು ಫೈಬ್ರಾಯ್ಡ್ ಗಡ್ಡೆ ಇದೆಯೆಂದೂ, ಗರ್ಭಕೋಶ 12 ವಾರದ ಬಸಿರಿನಷ್ಟು ದಪ್ಪವಾಗಿದೆಯೆಂದೂ ಬರೆದಿದ್ದಾರೆ. ಮೊದಲನೆಯದು ಸಹಜ ಹೆರಿಗೆ, ಎರಡನೆಯದು ಸಿಸೇರಿಯನ್.

ಚಿಕ್ಕಮಗಳೂರಿನಲ್ಲಿ ನೋಡಿದ ವೈದ್ಯರು ಗರ್ಭಕೋಶ ತೆಗೆಸುವುದು ಒಳ್ಳೆಯದು, ಹೊಟ್ಟೆ ಕೊಯ್ದೇ ಮಾಡಬೇಕಾಗುತ್ತದೆ ಎಂದರು. ಅಷ್ಟರಲ್ಲಿ ನನ್ನ ಓರಗಿತ್ತಿ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಬಗ್ಗೆ ಹೇಳಿದಳು. ಅಲ್ಲಿ ರೋಬೋಟ್ ಯಂತ್ರದಿಂದ, ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲದಂತೆ, ಯೋನಿಯ ಮೂಲಕವೇ ಗರ್ಭಕೋಶ ತೆಗೆಯುತ್ತಾರಂತೆ. ಮರುದಿನವೇ ಮನೆಗೆ ಕಳಿಸುತ್ತಾರಂತೆ. ಖರ್ಚು ಮಾತ್ರ ಇಲ್ಲಿ ಹೇಳಿದ್ದರ ಮೂರು ಪಟ್ಟಿಗಿಂತ ಹೆಚ್ಚು. ಅಕ್ಕನಿಗೆ ಹೊಟ್ಟೆ ಕೊಯ್ಯುವುದೆಂದರೆ ಭಯ, ಭಾವನಿಗೆ ದುಡ್ಡು ಹೊಂದಿಸುವುದರ ಚಿಂತೆ. ಇಂತಹ ಶಸ್ತ್ರಚಿಕಿತ್ಸೆ ನಿಜವಾಗಿಯೂ ಇದೆಯೇ, ಇದ್ದರೆ ಅಷ್ಟು ಹಣಕ್ಕೆ ತಕ್ಕ ಲಾಭವೇನು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಹಾಸನದ ಸ್ತ್ರೀರೋಗ ವೈದ್ಯೆ

ತಂಗಿಯವರೇ, ಕಣ್ಣಾರೆ ನೋಡದ ರೋಗಿಯ ಬಗ್ಗೆ ತೀರ್ಮಾನ ಹೇಳುವುದು ಸರಿಯಲ್ಲವಾದ್ದರಿಂದ ವಿಷಯವನ್ನಷ್ಟೇ ವಿವರಿಸುತ್ತೇನೆ.

ಗರ್ಭಕೋಶವನ್ನು ತೆಗೆಯಲು ಮುಖ್ಯವಾಗಿ ಮೂರು ದಾರಿಗಳಿವೆ. ಹೊಟ್ಟೆಯನ್ನು ಕೊಯ್ದು ತೆಗೆಯುವುದು ಒಂದು. ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ ಕ್ಯಾಮೆರಾ ಮತ್ತು ಉದ್ದನೆಯ ಉಪಕರಣಗಳಿಂದ ಬಿಡಿಸುವ ಲ್ಯಾಪ್ರೊಸ್ಕೋಪಿ ಇನ್ನೊಂದು. ರೋಬೋಟ್ ಬಂದಿದ್ದು ಇದರ ಮುಂದುವರಿಕೆಯಾಗಿ. ಮೂರನೆಯದು ಯೋನಿ ಮಾರ್ಗ. ಇದು ಎಲ್ಲಕ್ಕಿಂತ ಹಳೆಯದು, ಹೊಟ್ಟೆಯ ಮೇಲೆ ಗಾಯವೇ ಇಲ್ಲದ್ದು, ಮತ್ತು ಇದಕ್ಕೆ ರೋಬೋಟ್ ಬೇಕೇ ಬೇಕೆಂದಿಲ್ಲ. ಗರ್ಭಕೋಶ ಜಾರಿ ಕೆಳಗಿಳಿದವರಿಗೆ ಮಾತ್ರ ಈ ದಾರಿ ಎಂದು ಜನ ತಿಳಿದಿದ್ದಾರೆ. ಜಾರದ ಗರ್ಭಕೋಶವನ್ನೂ ಕೆಳಗಿನಿಂದಲೇ ತೆಗೆಯುವ ಪದ್ಧತಿ ನಮ್ಮ ದೇಶದಲ್ಲಿ ದಶಕಗಳಿಂದ ಇದೆ, ಸಾಮಾನ್ಯ ಕತ್ತರಿ, ಇಕ್ಕಳ, ದಾರ ಇಷ್ಟರಿಂದಲೇ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಬೆನ್ನಿಗೆ ಕೊಡುವ ಅರಿವಳಿಕೆಯೇ ಇದಕ್ಕೆ ಸಾಕಾಗುವುದುಂಟು. ಲ್ಯಾಪ್ರೊಸ್ಕೋಪಿಯಲ್ಲಿಯೂ ರೋಬೋಟಿನಲ್ಲಿಯೂ ಹೊಟ್ಟೆಯೊಳಗೆ ಇಂಗಾಲದ ಡೈ ಆಕ್ಸೈಡ್ ಅನಿಲ ತುಂಬಿ, ತಲೆಯ ಭಾಗವನ್ನು ತಗ್ಗಿಸಿ ಮಲಗಿಸುವುದರಿಂದ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕಾಗುತ್ತದೆ.

ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2017ರಲ್ಲಿ ನೀಡಿದ ಅಭಿಪ್ರಾಯದಲ್ಲಿ, ಕ್ಯಾನ್ಸರ್ ಅಲ್ಲದ ಕಾರಣಗಳಿಗೆ ಗರ್ಭಕೋಶ ತೆಗೆಯುವಾಗ ಸಾಧ್ಯವಿದ್ದ ಕಡೆಯಲ್ಲೆಲ್ಲ ಯೋನಿ ಮಾರ್ಗಕ್ಕೇ ಆದ್ಯತೆ ಕೊಡಬೇಕೆಂದು ಹೇಳಿದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆಯೂ ಅದೇ ಕಡೆಗೆ ವಾಲಿತ್ತು.

ಹಾಗಾದರೆ ರೋಬೋಟ್ ಯಾಕೆ ಬಂತು? ಕೆಳಗಿನಿಂದ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಕಣ್ಣಿಗೆ ಕಾಣುವ ಜಾಗ ತುಂಬಾ ಕಡಿಮೆ. ಗರ್ಭಕೋಶ ದೊಡ್ಡದಾಗಿದ್ದರೆ, ಸಹಜ ಹೆರಿಗೆಯೇ ಆಗದೆ ದಾರಿ ಇಕ್ಕಟ್ಟಾಗಿದ್ದರೆ, ಅಂಡನಾಳ ಅಥವಾ ಅಂಡಾಶಯವನ್ನು ತಲುಪಬೇಕಾಗಿದ್ದರೆ ಕೈ ಸೋಲುತ್ತದೆ. ಕ್ಯಾಮೆರಾವನ್ನೇ ಯೋನಿಯ ಮೂಲಕ ಒಳಗೆ ಕಳಿಸಿ ಹೊಟ್ಟೆಯೊಳಗನ್ನು ಬೆಳಗಿಸಿ ನೋಡುವ ವಿಧಾನ ಹುಟ್ಟಿದ್ದು ಈ ತೊಡಕಿನಿಂದ. ಇದನ್ನು ವಿ-ನೋಟ್ಸ್ ಎಂದು ಕರೆಯುತ್ತಾರೆ. ಬೆಲ್ಜಿಯಂನಲ್ಲಿ 70 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಹೇಲನ್ ಎಂಬ ಅಧ್ಯಯನ, ಹೊಟ್ಟೆಯ ರಂಧ್ರಗಳ ಲ್ಯಾಪ್ರೊಸ್ಕೋಪಿಗಿಂತ ಈ ವಿಧಾನ ಹಿಂದೆ ಬೀಳುವುದಿಲ್ಲ, ಶಸ್ತ್ರಚಿಕಿತ್ಸೆಯ ಸಮಯವೂ ಕಡಿಮೆ ಎಂದು ತೋರಿಸಿತು. ಅಲ್ಲಿ ಬಳಸಿದ್ದು ಸಾಮಾನ್ಯ ಉಪಕರಣಗಳನ್ನು, ರೋಬೋಟನ್ನಲ್ಲ. ಅದೇ ದಾರಿಯಲ್ಲಿ ರೋಬೋಟಿನ ತೋಳುಗಳನ್ನು ಕಳಿಸುವುದು ಅದರ ಮುಂದಿನ ಹೆಜ್ಜೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ, ಇಂತಹ ಶಸ್ತ್ರಚಿಕಿತ್ಸೆ ಇದೆ. ಎರಡನೆಯದಕ್ಕೆ ಉತ್ತರಿಸುವ ಮೊದಲು ನಾನೇ ಒಂದನ್ನು ಕೇಳಬೇಕು: ಅಕ್ಕನ ಗರ್ಭಕೋಶದ ಒಳಪದರದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆಯೇ?

ಬೇಲೂರಿನ ನಿವೃತ್ತ ಮೇಷ್ಟ್ರು

ವಿಜ್ಞಾನ ಪಾಠ ಮಾಡಿದ ಹಳೆಯ ಚಾಳಿಯಿಂದ ಒಂದೆರಡು ಮಾತು ಸೇರಿಸುತ್ತೇನೆ, ಡಾಕ್ಟರಮ್ಮನವರು ತಪ್ಪಿದ್ದರೆ ತಿದ್ದಲಿ.

ರೋಬೋಟ್ ಎಂದ ಕೂಡಲೇ ಯಂತ್ರವೇ ತನ್ನಷ್ಟಕ್ಕೆ ಕೊಯ್ದು ಹೊಲಿಯುತ್ತದೆ ಎಂದು ನಮ್ಮ ಊರಿನಲ್ಲಿ ಬಹಳ ಜನ ನಂಬಿದ್ದಾರೆ. ಅದು ತಾನಾಗಿ ಒಂದು ಕೂದಲನ್ನೂ ಕತ್ತರಿಸುವುದಿಲ್ಲ. ವೈದ್ಯರು ಅದೇ ಕೋಣೆಯ ಮೂಲೆಯಲ್ಲಿ ಒಂದು ಮೇಜಿನ ಮುಂದೆ ಕುಳಿತು, ಆಳ ತೋರಿಸುವ ದೊಡ್ಡದಾದ ಚಿತ್ರವನ್ನು ನೋಡುತ್ತಾ ಬೆರಳು ಆಡಿಸುತ್ತಾರೆ. ಆ ಚಲನೆಯನ್ನು ಯಂತ್ರದ ತೋಳು ಒಳಗೆ ಸಣ್ಣದಾಗಿ, ನಡುಕವಿಲ್ಲದೆ ಮಾಡುತ್ತದೆ. ಲ್ಯಾಪ್ರೊಸ್ಕೋಪಿಯ ಕಡ್ಡಿ ಉಪಕರಣ ನೇರವಾಗಿರುತ್ತದೆ, ರೋಬೋಟಿನ ತುದಿ ನಮ್ಮ ಮಣಿಕಟ್ಟಿನ ಹಾಗೆ ಬಾಗುತ್ತದೆ, ತಿರುಗುತ್ತದೆ. ಒಂದೇ ಕಿರಿದಾದ ದಾರಿಯಿಂದ ಕ್ಯಾಮೆರಾ ಮತ್ತು ಎರಡು ಉಪಕರಣಗಳು ಒಟ್ಟಿಗೆ ಹೋದಾಗ ನೇರ ಕಡ್ಡಿಗಳು ಒಂದಕ್ಕೊಂದು ತಾಗಿ ಕತ್ತಿವರಸೆಯಾಗುತ್ತದೆ. ಬಾಗುವ ತುದಿಯ ಬೆಲೆ ತಿಳಿಯುವುದು ಅಲ್ಲಿ.

ಚರಿತ್ರೆಯೂ ಸ್ವಾರಸ್ಯವಾಗಿದೆ. ಯೋನಿ ಮಾರ್ಗದಿಂದ ಯೋಜಿತವಾಗಿ ಗರ್ಭಕೋಶ ತೆಗೆದ ಮೊದಲಿಗನೆಂದು ಜರ್ಮನಿಯ ಕಾನ್ರಾಡ್ ಲಾಂಗೆನ್‌ಬೆಕ್ ಅವರನ್ನು ಹೇಳುತ್ತಾರೆ; ಅದು 1813ರಲ್ಲಿ, ಈಥರ್ ಅರಿವಳಿಕೆ ಬರುವುದಕ್ಕೆ ಮೂವತ್ತು ವರ್ಷಕ್ಕೂ ಹಿಂದೆ. ಜೊತೆಗಿದ್ದ ಸಹಾಯಕ ಕಾಲಿನ ಗೌಟ್ ಬೇನೆಯಿಂದ ಕುರ್ಚಿ ಬಿಟ್ಟು ಏಳಲಾರದೆ ಹೋದನಂತೆ, ಲಾಂಗೆನ್‌ಬೆಕ್ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ರಕ್ತನಾಳ ಕಟ್ಟಿದರಂತೆ. ಆ ಹೆಂಗಸು ಬದುಕಿಕೊಂಡರೂ ಸಹೋದ್ಯೋಗಿಗಳು ನಂಬಲಿಲ್ಲ. ಅವಳು ಮುಪ್ಪಿನಲ್ಲಿ ತೀರಿಕೊಂಡ ಮೇಲೆ ಶವಪರೀಕ್ಷೆ ಮಾಡಿ ನೋಡಿದಾಗಲೇ ಲಾಂಗೆನ್‌ಬೆಕ್ ಅವರ ಮಾತು ನಿಜವಾಯಿತು. ಲ್ಯಾಪ್ರೊಸ್ಕೋಪಿಯಿಂದ ಗರ್ಭಕೋಶ ತೆಗೆದ ಮೊದಲಿಗರು ಅಮೆರಿಕದ ಹ್ಯಾರಿ ರೀಚ್, 1988ರಲ್ಲಿ. ಡಾ ವಿನ್ಚಿ ಎಂಬ ಶಸ್ತ್ರಚಿಕಿತ್ಸಾ ರೋಬೋಟಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ, ಸ್ತ್ರೀರೋಗ ಶಸ್ತ್ರಚಿಕಿತ್ಸೆಗೆ 2005ರಲ್ಲಿ. ಯೋನಿಯ ಮೂಲಕವೇ ತೋಳುಗಳನ್ನು ಕಳಿಸಲೆಂದು ರೂಪಿಸಿದ ಹೊಮಿನಿಸ್ ಎಂಬ ಯಂತ್ರಕ್ಕೆ ಅದೇ ಆಡಳಿತ 2021ರಲ್ಲಿ ಅನುಮತಿ ಕೊಟ್ಟಿತು. ಅದನ್ನು ರೂಪಿಸಿದ್ದು ಇಸ್ರೇಲಿನ ಮೆಮಿಕ್ ಕಂಪನಿ. ಅದರ ತೋಳಿಗೆ ಮನುಷ್ಯರಂತೆ ಭುಜ, ಮೊಣಕೈ, ಮಣಿಕಟ್ಟು ಇವೆ. ಅನುಮತಿಗೆ ಆಧಾರವಾದ ಅಧ್ಯಯನದಲ್ಲಿ ಇದ್ದವರು 37ರಿಂದ 79 ವರ್ಷದ 30 ಮಹಿಳೆಯರು. ಎಲ್ಲರಲ್ಲೂ ಹೊಟ್ಟೆ ಕೊಯ್ಯದೆ ಕೆಲಸ ಮುಗಿಯಿತು. ಆದರೆ ಗಮನಿಸಿ, ಆ ಯಂತ್ರದಲ್ಲಿಯೂ ನೋಡುವ ಕ್ಯಾಮೆರಾ ಹೊಟ್ಟೆಯ ಮೇಲಿನ ಒಂದು ಸಣ್ಣ ರಂಧ್ರದಿಂದಲೇ ಹೋಗುತ್ತದೆ. ಒಂದು ಗೀರೂ ಇಲ್ಲ ಎಂಬ ಮಾತು ಯಾವ ಯಂತ್ರಕ್ಕೆ, ಯಾವ ವಿಧಾನಕ್ಕೆ ಹೇಳಿದ್ದು ಎಂದು ಕೇಳಬೇಕು.

ಸಕಲೇಶಪುರದ ಗೃಹಿಣಿ

ಮೇಷ್ಟ್ರ ಕೊನೆಯ ಮಾತಿಗೆ ನನ್ನ ಹೊಟ್ಟೆಯೇ ಸಾಕ್ಷಿ. ಮೂರು ವರ್ಷಗಳ ಹಿಂದೆ ನನಗೂ ಯೋನಿಯ ಮೂಲಕ ರೋಬೋಟ್ ಆಪರೇಷನ್ ಎಂದೇ ಹೇಳಿದ್ದರು. ಆಸ್ಪತ್ರೆಯ ಹೆಸರು ಬೇಡ. ಎಚ್ಚರವಾದ ಮೇಲೆ ನೋಡಿಕೊಂಡರೆ ಹೊಕ್ಕುಳಿನ ಸಾಲಿನಲ್ಲಿ ನಾಲ್ಕು ಕಡೆ ಪಟ್ಟಿ ಅಂಟಿಸಿದ್ದರು. ಇದೇನು ಎಂದು ಕೇಳಿದ್ದಕ್ಕೆ, ಗರ್ಭಕೋಶವನ್ನು ಯೋನಿಯ ಮೂಲಕವೇ ಹೊರತೆಗೆದಿದ್ದೇವಲ್ಲ ಎಂಬ ಉತ್ತರ ಬಂತು.

ಆಮೇಲೆ ನನಗೆ ಅರ್ಥವಾಯಿತು. ಲ್ಯಾಪ್ರೊಸ್ಕೋಪಿಯಾಗಲಿ ರೋಬೋಟಾಗಲಿ, ಗರ್ಭಕೋಶ ಪೂರ್ತಿ ತೆಗೆಯುವಾಗ ಬಿಡಿಸಿದ ಗರ್ಭಕೋಶವನ್ನು ಹೆಚ್ಚಾಗಿ ಕೆಳಗಿನಿಂದಲೇ ಎಳೆದು ತೆಗೆಯುತ್ತಾರೆ. ಯೋನಿಯ ಮೂಲಕ ಹೊರತೆಗೆಯುವುದು ಬೇರೆ, ಯೋನಿಯ ಮೂಲಕ ಒಳಹೋಗುವುದು ಬೇರೆ. ಜಾಹೀರಾತಿನ ಕಾಗದದಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಅಡಗಿಕೊಳ್ಳುತ್ತವೆ. ನನ್ನ ಗಾಯಗಳು ಬೇಗ ಮಾದವು, ಎರಡನೆಯ ದಿನ ಮನೆಗೆ ಬಂದೆ, ಅದರಲ್ಲಿ ದೂರಿಲ್ಲ. ಹೇಳಿದ್ದೊಂದು ಮಾಡಿದ್ದೊಂದು ಎಂಬ ನೋವು ಮಾತ್ರ ಉಳಿಯಿತು. ಆದ್ದರಿಂದ ತಂಗಿ, ನೀವು ಬೆಂಗಳೂರಿಗೆ ಹೋದರೆ ಒಂದೇ ಪ್ರಶ್ನೆ ಕೇಳಿ: ಹೊಟ್ಟೆಯ ಮೇಲೆ ಎಷ್ಟು ರಂಧ್ರ ಮಾಡುತ್ತೀರಿ? ಸೊನ್ನೆ ಎಂದರೆ ಸೊನ್ನೆ ಎಂದೇ ಒಪ್ಪಿಗೆ ಪತ್ರದಲ್ಲಿ ಬರೆಸಿಕೊಳ್ಳಿ, ನಡುವೆ ತೊಂದರೆಯಾದರೆ ಮಾತ್ರ ಬದಲಾಯಿಸಬಹುದು ಎಂದೂ ಬರೆಸಿ.

ಕಡೂರಿನ ಶುಶ್ರೂಷಕಿ

ನಾನು ಊರಿಗೆ ಮರಳುವ ಮೊದಲು ಏಳು ವರ್ಷ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ಶುಶ್ರೂಷಕಿಯಾಗಿದ್ದೆ. ಯೋನಿಯ ಮೂಲಕವೇ ರೋಬೋಟ್ ಬಳಸುವ ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ಕಂಡಂತೆ ಹೇಳುತ್ತೇನೆ.

ರೋಗಿಯನ್ನು ಹೆರಿಗೆಯ ಭಂಗಿಯಲ್ಲಿ ಮಲಗಿಸಿ, ಮೂತ್ರಕ್ಕೆ ನಳಿಕೆ ಹಾಕಿ, ಮೊದಲ ಭಾಗವನ್ನು ವೈದ್ಯರು ಕೈಯಿಂದಲೇ ಮಾಡುತ್ತಾರೆ. ಗರ್ಭಕಂಠದ ಸುತ್ತ ಕೊಯ್ದು, ಮುಂದೆ ಮೂತ್ರಕೋಶವನ್ನು ಮೇಲಕ್ಕೆ ಸರಿಸಿ, ಹಿಂದೆ ಗುದನಾಳಕ್ಕೆ ತಾಗದಂತೆ ಹೊಟ್ಟೆಯ ಪೊರೆಯನ್ನು ತೆರೆದು, ಗರ್ಭಕೋಶವನ್ನು ಹಿಂದಕ್ಕೆ ಹಿಡಿದಿರುವ ಕಟ್ಟುಗಳನ್ನು ಕತ್ತರಿಸಿ ಕಟ್ಟುತ್ತಾರೆ. ಆಮೇಲೆ ಆ ದ್ವಾರದಲ್ಲಿ ಉಂಗುರ ಕೂರಿಸಿ, ಅದಕ್ಕೆ ಜೆಲ್ಲಿಯಂತಹ ಮೆತ್ತನೆಯ ಮುಚ್ಚಳ ಹಾಕುತ್ತಾರೆ. ಅನಿಲ ಸೋರದಂತೆ ಆ ಮುಚ್ಚಳದ ಮೂಲಕ ಕ್ಯಾಮೆರಾವೂ ಉಪಕರಣಗಳೂ ಹೋಗುತ್ತವೆ. ರೋಬೋಟನ್ನು ತಳ್ಳಿಕೊಂಡು ಬಂದು ಜೋಡಿಸುವುದಕ್ಕೆ ಅನುಭವವಿಲ್ಲದ ತಂಡಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಕಾಲುಗಳ ನಡುವಿನ ಜಾಗ ಅಷ್ಟು ಇಕ್ಕಟ್ಟು. ಜೋಡಣೆಯಾದ ಮೇಲೆ ಕೆಳಗಿನಿಂದ ಮೇಲಕ್ಕೆ, ಗರ್ಭಕೋಶದ ರಕ್ತನಾಳಗಳನ್ನು ವಿದ್ಯುತ್ ಶಾಖದಿಂದ ಬೆಸೆದು ಕತ್ತರಿಸುತ್ತಾ ಹೋಗುತ್ತಾರೆ. ಹೊಟ್ಟೆಯ ಕಡೆಯಿಂದ ಮಾಡುವಾಗ ಕೊನೆಗೆ ತಲುಪುವ ಜಾಗ ಇಲ್ಲಿ ಮೊದಲು ಸಿಗುತ್ತದೆ, ಆದ್ದರಿಂದ ಚಿತ್ರವೆಲ್ಲ ತಲೆಕೆಳಗಾದಂತೆ ಕಾಣುತ್ತದೆ. ಲ್ಯಾಪ್ರೊಸ್ಕೋಪಿಯಲ್ಲಿ ಪಳಗಿದವರೂ ಇದನ್ನು ಹೊಸದಾಗಿ ಕಲಿಯಬೇಕು.

ಒಂದು ಕೊರತೆಯನ್ನೂ ಹೇಳಬೇಕು. ನಾನು ಕೆಲಸ ಮಾಡಿದ ಯಂತ್ರಗಳಲ್ಲಿ ವೈದ್ಯರ ಕೈಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಅಂಗ ಎಷ್ಟು ಬಿಗಿಯಾಗಿದೆ ಎಂಬುದನ್ನು ಕಣ್ಣಿನಿಂದಲೇ ಊಹಿಸಬೇಕಿತ್ತು. ನನ್ನೊಂದಿಗೆ ಇದ್ದ ಹಿರಿಯ ವೈದ್ಯರೊಬ್ಬರು ಸುಲಭದ ಪ್ರಕರಣಗಳನ್ನು ಎಂದೂ ರೋಬೋಟಿಗೆ ಹಾಕುತ್ತಿರಲಿಲ್ಲ. ಅವರು ಬರಿಗೈಯಲ್ಲಿ ಮುಗಿಸುವ ಹೊತ್ತಿಗೆ ನಾವು ಯಂತ್ರಕ್ಕೆ ಹೊದಿಕೆ ಹಾಕುವುದೂ ಮುಗಿಯುತ್ತಿರಲಿಲ್ಲ.

ತರೀಕೆರೆಯ ಓದುಗ

ಎಲ್ಲರೂ ದಾರಿಯ ಬಗ್ಗೆ ಮಾತನಾಡುತ್ತಿದ್ದೀರಿ, ಊರಿಗೆ ಹೋಗಲೇಬೇಕೇ, ಅಂದರೆ ಗರ್ಭಕೋಶ ತೆಗೆಸಲೇಬೇಕೇ ಎಂದು ಡಾಕ್ಟರಮ್ಮನವರನ್ನು ಬಿಟ್ಟರೆ ಯಾರೂ ಕೇಳಲಿಲ್ಲ. ನನ್ನ ಮಾತು ಕಟುವಾಗಿ ಕಂಡರೆ ಕ್ಷಮಿಸಿ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಮೂರಕ್ಕೂ ಹೆಚ್ಚು ಜನ ಆಗಲೇ ಗರ್ಭಕೋಶ ತೆಗೆಸಿಕೊಂಡಿದ್ದಾರೆ, ಹೆಚ್ಚಿನವರು ಖಾಸಗಿ ಆಸ್ಪತ್ರೆಗಳಲ್ಲಿ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು ಬೀದಿಗಿಳಿದು ಪ್ರತಿಭಟಿಸಿದ್ದು ನೆನಪಿರಬಹುದು. ಬರಿಯ ಹೊಟ್ಟೆನೋವು, ಬಿಳಿಮುಟ್ಟು ಎಂದು ಹೋದವರಿಗೂ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಗರ್ಭಕೋಶ ತೆಗೆದಿದ್ದರೆಂಬ ಆರೋಪ ಅದು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂತಹುದೇ ಪ್ರಕರಣಗಳ ಅರ್ಜಿಯನ್ನು ವಿಚಾರಿಸಿದ ಸುಪ್ರೀಂ ಕೋರ್ಟ್, 2023ರ ಏಪ್ರಿಲಿನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು.

ಕೊಯ್ಯುವುದು ಸುಲಭವಾದಷ್ಟೂ, ಗಾಯ ಕಾಣದಂತಾದಷ್ಟೂ, ಬೇಡದಿದ್ದರೂ ಮಾಡಿಸಿಕೊಳ್ಳುವವರು ಹೆಚ್ಚುತ್ತಾರೆ ಎಂಬುದು ನನ್ನ ಅಂಜಿಕೆ. ಕೋಟ್ಯಂತರ ರೂಪಾಯಿಯ ಯಂತ್ರ ತಂದಿಟ್ಟವರು ಅದನ್ನು ಸುಮ್ಮನೆ ನಿಲ್ಲಿಸಲಾರರು. ನಿಮ್ಮ ಅಕ್ಕನಿಗೆ ಬೇರೆ ಚಿಕಿತ್ಸೆ ಕೊಟ್ಟು ನೋಡಿದ್ದಾರೆಯೇ?

ಆಲ್ದೂರಿನ ತಂಗಿ

ಎಲ್ಲರಿಗೂ ಕೃತಜ್ಞತೆಗಳು. ತರೀಕೆರೆಯ ಅಣ್ಣನವರ ಮಾತು ಕಟುವಾಗಿ ಕಾಣಲಿಲ್ಲ. ರಕ್ತ ನಿಲ್ಲಿಸುವ ಮಾತ್ರೆ ಮತ್ತು ಹಾರ್ಮೋನ್ ಮಾತ್ರೆ ಎರಡನ್ನೂ ಆರು ತಿಂಗಳು ತೆಗೆದುಕೊಂಡಿದ್ದಾಳೆ. ತೆಗೆದುಕೊಳ್ಳುವಾಗ ಕಡಿಮೆ, ಬಿಟ್ಟರೆ ಮತ್ತೆ ಅಷ್ಟೇ. ಡಾಕ್ಟರಮ್ಮನವರು ಕೇಳಿದ ಒಳಪದರದ ಪರೀಕ್ಷೆಯನ್ನು ಎಲ್ಲಿಯೂ ಮಾಡಿಲ್ಲ, ಬೆಂಗಳೂರಿನವರೂ ಅದರ ಮಾತೆತ್ತಲಿಲ್ಲ. ಗರ್ಭಕೋಶದೊಳಗೆ ಹಾರ್ಮೋನಿನ ಕಾಪರ್-ಟಿಯಂತಹದ್ದು ಹಾಕುತ್ತಾರೆಂದು ಕೇಳಿದ್ದೇನೆ, ಅದೂ ಆಗಿಲ್ಲ. ಇನ್ನೊಂದು ಮಾತು, ಅಂಡಾಶಯಗಳನ್ನೂ ಒಟ್ಟಿಗೆ ತೆಗೆದುಬಿಡಿ, ಮುಂದೆ ತಲೆನೋವು ಬೇಡ ಎಂದು ಭಾವ ಹೇಳುತ್ತಿದ್ದಾರೆ.

ಹಾಸನದ ಸ್ತ್ರೀರೋಗ ವೈದ್ಯೆ

ಭಾವನವರಿಗೆ ನನ್ನ ಕಡೆಯಿಂದ ಹೇಳಿ, ತಲೆನೋವು ಶುರುವಾಗುವುದೇ ಆಗ. 46ರ ವಯಸ್ಸಿನಲ್ಲಿ ಆರೋಗ್ಯವಾಗಿರುವ ಅಂಡಾಶಯಗಳನ್ನು ತೆಗೆದರೆ ಮುಟ್ಟು ನಿಲ್ಲುವ ಕಾಲ ಒಂದೇ ರಾತ್ರಿಯಲ್ಲಿ ಬಂದುಬಿಡುತ್ತದೆ. ಮೈ ಬಿಸಿಯೇರುವುದು, ನಿದ್ರೆ ಹೋಗುವುದು ಮಾತ್ರವಲ್ಲದೆ ಮೂಳೆ ಸವೆತದ, ಹೃದಯದ ಕಾಯಿಲೆಯ ಅಪಾಯವೂ ಏರುತ್ತದೆ. ಮನೆತನದಲ್ಲಿ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಇದ್ದರೆ ಲೆಕ್ಕ ಬೇರೆ. ಅಂಡನಾಳಗಳನ್ನು ಮಾತ್ರ ತೆಗೆಯುವುದು ಈಗ ರೂಢಿಯಲ್ಲಿದೆ, ಏಕೆಂದರೆ ಅಂಡಾಶಯದ ಕ್ಯಾನ್ಸರ್ ಎನಿಸಿಕೊಳ್ಳುವ ಎಷ್ಟೋ ಗಡ್ಡೆಗಳು ಹುಟ್ಟುವುದು ನಾಳದ ತುದಿಯಲ್ಲಿ.

ಒಳಪದರದ ಪರೀಕ್ಷೆ ಮಾಡದೆ ಯಾವ ದಾರಿಯನ್ನೂ ಹಿಡಿಯಬೇಡಿ. 45 ದಾಟಿದವರಲ್ಲಿ ಅತಿಸ್ರಾವವಿದ್ದರೆ ಅದು ಕಡ್ಡಾಯವೆಂದೇ ತಿಳಿಯಿರಿ, ಹೊರರೋಗಿ ವಿಭಾಗದಲ್ಲಿಯೇ ಆಗುವಂತಹದ್ದು. ಕ್ಯಾನ್ಸರ್ ಇದ್ದರೆ ಶಸ್ತ್ರಚಿಕಿತ್ಸೆಯ ಸ್ವರೂಪವೇ ಬದಲಾಗುತ್ತದೆ. ಗರ್ಭಕೋಶ ದಪ್ಪವಾಗಿದ್ದು ಯೋನಿ ಮಾರ್ಗದಿಂದ ಇಡಿಯಾಗಿ ಬಾರದಿದ್ದರೆ ತುಂಡುಮಾಡಿ ತೆಗೆಯುತ್ತೇವೆ, ಒಳಗೆ ಕ್ಯಾನ್ಸರ್ ಅಡಗಿದ್ದರೆ ಹಾಗೆ ತುಂಡುಮಾಡುವುದು ಅನಾಹುತ. ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ. ಇಲ್ಲಿ ಒಂದು ಕಹಿ ಪಾಠವಿದೆ: ಗರ್ಭಕಂಠದ ಕ್ಯಾನ್ಸರಿಗೆ ಸಣ್ಣ ರಂಧ್ರದ ಮತ್ತು ರೋಬೋಟಿಕ್ ಶಸ್ತ್ರಚಿಕಿತ್ಸೆಯೇ ಮೇಲೆಂದು ಜಗತ್ತೆಲ್ಲ ನಂಬಿದ್ದ ಕಾಲದಲ್ಲಿ, 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹೊಟ್ಟೆ ಕೊಯ್ದು ಮಾಡಿಸಿಕೊಂಡವರೇ ಹೆಚ್ಚು ಬದುಕಿದರೆಂದು ತೋರಿಸಿತು. ಹೊಸದೆಲ್ಲ ಮೇಲಲ್ಲವೆಂದು ನಮ್ಮ ವೃತ್ತಿಗೆ ಆಗ ತಿಳಿಯಿತು.

ಹಾರ್ಮೋನ್ ಬಿಡುವ ಆ ಸಾಧನ ಅಡಿನೊಮಯೋಸಿಸ್‌ನಲ್ಲಿ ಬಹಳ ಜನರಿಗೆ ಒಳ್ಳೆಯ ಫಲ ಕೊಡುತ್ತದೆ. ಗರ್ಭಕೋಶ ಇಷ್ಟು ದಪ್ಪವಾಗಿದ್ದಾಗ ಜಾರಿ ಬಿದ್ದುಹೋಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಅದನ್ನು ಹೇಳಿ, ಪ್ರಯತ್ನಿಸಬೇಕೋ ಬೇಡವೋ ಎಂಬುದನ್ನು ಅಕ್ಕನಿಗೇ ಬಿಡಬೇಕು. ಭಾವನಿಗೂ ಅಲ್ಲ, ನನಗೂ ಅಲ್ಲ.

ತೆಗೆಸುವುದೇ ಎಂದಾದರೆ, ಒಂದು ಸಹಜ ಹೆರಿಗೆಯಾಗಿರುವ, 12 ವಾರದ ಗಾತ್ರದ ಗರ್ಭಕೋಶ ಬರಿಗೈಯ ಯೋನಿ ಮಾರ್ಗಕ್ಕೆ ಎಟುಕದ್ದೇನಲ್ಲ. ಎಚ್ಚರ ಬೇಕಾಗಿರುವುದು ಸಿಸೇರಿಯನ್ ಆದ ಜಾಗದಲ್ಲಿ. ಅಲ್ಲಿ ಮೂತ್ರಕೋಶ ಗರ್ಭಕೋಶಕ್ಕೆ ಅಂಟಿಕೊಂಡಿರಬಹುದು, ಬಿಡಿಸುವಾಗ ಹರಿಯಬಹುದು. ರೋಬೋಟಿನಲ್ಲಿ ಮಾಡಿದರೂ ಆ ಅಪಾಯ ಹೋಗುವುದಿಲ್ಲ, ಏಕೆಂದರೆ ಶುಶ್ರೂಷಕಿಯವರು ಬರೆದಂತೆ ಆ ಭಾಗವನ್ನು ಯಂತ್ರ ಜೋಡಿಸುವ ಮೊದಲೇ ಕೈಯಿಂದ ಮಾಡುತ್ತಾರೆ. ಗರ್ಭಕೋಶದ ಹಿಂಬದಿ ಗುದನಾಳಕ್ಕೆ ಅಂಟಿರುವ ತೀವ್ರ ಎಂಡೋಮೆಟ್ರಿಯೋಸಿಸ್ (ಒಳಪದರದಂತಹ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇದ್ದರೆ, ಹಿಂದೆ ಗುದನಾಳದ ಶಸ್ತ್ರಚಿಕಿತ್ಸೆ ಅಥವಾ ಕೆಳಹೊಟ್ಟೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಯೋನಿಯ ಮೂಲಕ ಒಳಹೋಗುವುದನ್ನೇ ಸಾಮಾನ್ಯವಾಗಿ ತಪ್ಪಿಸುತ್ತಾರೆ. ಹಾಗಾಗಿ ಕೇಳಬೇಕಾದ್ದು ಯಂತ್ರದ ಹೆಸರನ್ನಲ್ಲ: ಸಿಸೇರಿಯನ್ ಆದವರಲ್ಲಿ ಈ ದಾರಿಯಿಂದ ನೀವೇ ಎಷ್ಟು ಮಾಡಿದ್ದೀರಿ, ಎಷ್ಟರಲ್ಲಿ ಮೂತ್ರಕೋಶಕ್ಕೆ ಪೆಟ್ಟಾಯಿತು, ಎಷ್ಟರಲ್ಲಿ ಹೊಟ್ಟೆ ಕೊಯ್ಯಬೇಕಾಯಿತು? ನನಗೆ ಯಾರಾದರೂ ಹೀಗೆ ಕೇಳಿದರೆ ಸಿಟ್ಟು ಬರುವುದಿಲ್ಲ. ಸಿಟ್ಟು ಮಾಡುವವರ ಹತ್ತಿರ ಮಾಡಿಸಬೇಡಿ.

ಚನ್ನರಾಯಪಟ್ಟಣದ ವಿಮಾ ಪ್ರತಿನಿಧಿ

ಹಣದ ಬಗ್ಗೆ ಚಿಕ್ಕದಾಗಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದ ಹನ್ನೆರಡು ಆಧುನಿಕ ಚಿಕಿತ್ಸೆಗಳಲ್ಲಿ ರೋಬೋಟಿಕ್ ಶಸ್ತ್ರಚಿಕಿತ್ಸೆಯೂ ಇದೆ, ಆದ್ದರಿಂದ ಕಂಪನಿಗಳು ಅದನ್ನು ಪೂರ್ತಿ ನಿರಾಕರಿಸುವಂತಿಲ್ಲ. ಆದರೆ ಮಿತಿ ಹಾಕಬಹುದು, ಹಾಕುತ್ತವೆ. ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ರೋಬೋಟಿಕ್ ಎಂಬ ಪದವನ್ನು ಹುಡುಕಿ. ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಎರಡು ವರ್ಷ ಕಾಯಬೇಕೆಂಬ ಷರತ್ತು ಎಷ್ಟೋ ಪಾಲಿಸಿಗಳಲ್ಲಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಂತೆ 1.5 ಲಕ್ಷದವರೆಗೆ ನೆರವಿದೆ. ಭಾವನವರು ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡ್ ಇದೆಯೇ ನೋಡಿ. ಯಾವುದೇ ಯೋಜನೆಯಾದರೂ ದಾಖಲಾಗುವ ಮೊದಲು ಅನುಮೋದನೆ ಪಡೆಯಿರಿ. ಸೇರಿದ ಮೇಲೆ ಓಡಾಡಿದವರನ್ನು ನಾನು ಬಹಳ ನೋಡಿದ್ದೇನೆ.

ಮೂಡಿಗೆರೆಯ ಬೆಳೆಗಾರ

ತೋಟದವರ ಕಷ್ಟ ತೋಟದವರಿಗೇ ಗೊತ್ತಾಗುವುದರಿಂದ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಯೋನಿ ಮಾರ್ಗದಿಂದಲೇ, ರೋಬೋಟಿಲ್ಲದೆ, ಶಸ್ತ್ರಚಿಕಿತ್ಸೆಯಾಯಿತು. ಹೊರಗೆ ಗಾಯ ಕಾಣದಿದ್ದರೆ ಮನೆಯವರು ಏನೂ ಆಗಿಯೇ ಇಲ್ಲವೆಂದು ತಿಳಿದುಬಿಡುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಹತ್ತನೆಯ ದಿನಕ್ಕೆ ಅಡುಗೆ, ಹದಿನೈದನೆಯ ದಿನಕ್ಕೆ ಕೊಟ್ಟಿಗೆ. ನಾಲ್ಕನೆಯ ವಾರ ರೊಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ ಒಂದು ಚೀಲ ಹಣ್ಣನ್ನು ಕಣದಿಂದ ಜರುಗಿಸಿದಳು, ಸಂಜೆಗೆ ರಕ್ತಸ್ರಾವ ಶುರುವಾಯಿತು. ರಾತ್ರಿ ಜೀಪಿನಲ್ಲಿ ಹಾಸನಕ್ಕೆ ಕರೆದೊಯ್ದು ಒಳಗಿನ ಹೊಲಿಗೆ ಮತ್ತೆ ಹಾಕಿಸಬೇಕಾಯಿತು. ಗರ್ಭಕೋಶವಿದ್ದ ಜಾಗದಲ್ಲಿ ಯೋನಿಯ ಮೇಲ್ತುದಿಯನ್ನು ಹೊಲಿದಿರುತ್ತಾರೆ, ಅದು ಗಟ್ಟಿಯಾಗಲು ಆರರಿಂದ ಎಂಟು ವಾರ ಬೇಕು, ಅಲ್ಲಿಯವರೆಗೆ ಭಾರ ಎತ್ತುವುದೂ ಗಂಡ ಹೆಂಡಿರ ಸಂಪರ್ಕವೂ ಬೇಡವೆಂದು ಅಲ್ಲಿನ ವೈದ್ಯರು ಹೇಳಿದರು. ನಮಗೆ ಮೊದಲೂ ಹೇಳಿದ್ದರೇನೋ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ರೋಬೋಟಾದರೂ ಕೈಯಾದರೂ ಒಳಗಿನ ಹೊಲಿಗೆ ಒಂದೇ. ಮರುದಿನ ಮನೆಗೆ ಬಂದರು ಎಂದ ಮಾತ್ರಕ್ಕೆ ಮರುವಾರ ತೋಟಕ್ಕೆ ಎಂದಲ್ಲ. ಅರೇಬಿಕಾ ಕೊಯ್ಲು ಹತ್ತಿರ ಬಂತು, ದಿನ ನಿಗದಿ ಮಾಡುವಾಗ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಆಲ್ದೂರಿನ ತಂಗಿ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಒಳಪದರದ ಪರೀಕ್ಷೆಯ ವರದಿ ಬಂತು, ಕ್ಯಾನ್ಸರ್ ಇಲ್ಲ. ಪ್ಯಾಪ್ ಪರೀಕ್ಷೆಯೂ ಸರಿಯಾಗಿದೆ. ನರದ ಮೂಲಕ ಕಬ್ಬಿಣಾಂಶದ ಇಂಜೆಕ್ಷನ್ ಎರಡು ಬಾರಿ ಕೊಡಿಸಿದೆವು, ಹಿಮೋಗ್ಲೋಬಿನ್ 10.9ಕ್ಕೆ ಬಂದಿದೆ, ಅಕ್ಕನ ಮುಖದ ಬಣ್ಣವೇ ಬದಲಾಗಿದೆ.

ಬೆಂಗಳೂರಿಗೂ ಹೋಗಿ ಬಂದೆವು. ಸಕಲೇಶಪುರದ ಅಕ್ಕ ಹೇಳಿಕೊಟ್ಟ ಪ್ರಶ್ನೆಯನ್ನೇ ಕೇಳಿದೆ. ಹೊಟ್ಟೆಯ ಮೇಲೆ ರಂಧ್ರವಿಲ್ಲದೆ ಮಾಡುವುದು ತಮ್ಮಲ್ಲಿ ಈಚೆಗೆ ಶುರುವಾಗಿದೆ, ಸಿಸೇರಿಯನ್ ಆದವರಿಗೆ ಸದ್ಯಕ್ಕೆ ಹೊಟ್ಟೆಯ ಕಡೆಯಿಂದಲೇ ರೋಬೋಟ್ ಹಾಕುತ್ತೇವೆ ಎಂದು ಅಲ್ಲಿನ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಪ್ರಾಮಾಣಿಕತೆ ಹಿಡಿಸಿತು, ಆದರೆ ನಾವು ಹೋಗಿದ್ದ ಉದ್ದೇಶವೇ ಅಲ್ಲಿಗೆ ಮುಗಿಯಿತು. ವಾಪಸು ಬರುವಾಗ ಹಾಸನದಲ್ಲಿ ಇನ್ನೊಬ್ಬ ವೈದ್ಯರು ಪರೀಕ್ಷಿಸಿ, ಗರ್ಭಕೋಶ ಚೆನ್ನಾಗಿ ಅಲುಗಾಡುತ್ತದೆ, ಬರಿಗೈಯಿಂದ ಕೆಳಗಿನಿಂದಲೇ ಪ್ರಯತ್ನಿಸೋಣ, ಲ್ಯಾಪ್ರೊಸ್ಕೋಪಿ ಪಕ್ಕದಲ್ಲಿ ಸಿದ್ಧವಾಗಿರುತ್ತದೆ, ಕೊನೆಗೆ ಮೂತ್ರಕೋಶದೊಳಗೆ ಕ್ಯಾಮೆರಾ ಹಾಕಿ ನೋಡಿಯೇ ಮುಗಿಸುತ್ತೇನೆ ಎಂದರು. ಅಂಡಾಶಯಗಳನ್ನು ಉಳಿಸುತ್ತಾರೆ. ಹಾರ್ಮೋನಿನ ಸಾಧನದ ಬಗ್ಗೆಯೂ ಪೂರ್ತಿ ವಿವರಿಸಿದರು. ಅಕ್ಕ ಒಂದು ರಾತ್ರಿ ಯೋಚಿಸಿ, ಬೇಡ, ತೆಗೆಸಿಯೇ ಬಿಡುತ್ತೇನೆ ಎಂದಳು. ಭಾವ ಎದುರು ಮಾತಾಡಲಿಲ್ಲ. ಅರೇಬಿಕಾ ಕೊಯ್ಲು ಮುಗಿಸಿಕೊಂಡು ಫೆಬ್ರವರಿ ಎರಡನೆಯ ವಾರಕ್ಕೆ ದಿನ ಇಟ್ಟಿದ್ದಾರೆ, ಅಕ್ಕ ಚೇತರಿಸಿಕೊಳ್ಳುವವರೆಗೆ ನಾನೇ ಅವರ ಮನೆಯಲ್ಲಿರುತ್ತೇನೆ. ಆಸ್ಪತ್ರೆಯಿಂದ ಬಂದ ಮೇಲೆ ಯಾವ ಲಕ್ಷಣ ಕಂಡರೆ ಹೆದರಬೇಕು ಎಂಬುದನ್ನು ಯಾರಾದರೂ ತಿಳಿಸಿದರೆ ಬರೆದಿಟ್ಟುಕೊಳ್ಳುತ್ತೇನೆ.

ಕಡೂರಿನ ಶುಶ್ರೂಷಕಿ

ಮೊದಲ ಎರಡು ಮೂರು ವಾರ ಕಂದು ಬಣ್ಣದ ಸ್ವಲ್ಪ ಸ್ರಾವ, ದಾರದ ಚೂರುಗಳು ಬೀಳುವುದು ಸಹಜ. ಒಂದು ಗಂಟೆಯಲ್ಲಿ ಪ್ಯಾಡ್ ಪೂರ್ತಿ ತೋಯ್ದರೆ, ಜ್ವರ ಬಂದರೆ, ಸ್ರಾವ ದುರ್ವಾಸನೆ ಹೊಡೆದರೆ, ಮೂತ್ರ ತಾನಾಗಿ ಸೋರತೊಡಗಿದರೆ ಅಥವಾ ಕಟ್ಟಿಕೊಂಡರೆ, ಪಕ್ಕೆ ಬಿಡದೆ ನೋಯುತ್ತಿದ್ದರೆ, ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಕೆಳಗೆ ಏನೋ ಇಳಿದು ಬಂದಂತಾದರೆ, ಬೆಳಗಾಗಲಿ ಎಂದು ಕಾಯದೆ ಹೊರಡಿ. ಮಲಬದ್ಧತೆಯಾಗದಂತೆ ನೋಡಿಕೊಳ್ಳಿ, ತಿಣುಕುವುದು ಭಾರ ಎತ್ತಿದ್ದಕ್ಕೆ ಸಮ. ಆಲ್ದೂರಿನಿಂದ ಹಾಸನಕ್ಕೆ ರಾತ್ರಿ ಕರೆದೊಯ್ಯಬಲ್ಲ ಒಂದು ಗಾಡಿಯವರ ಫೋನ್ ನಂಬರನ್ನು ಗೋಡೆಯ ಮೇಲೆ ಬರೆದಿಡಿ, ನಿಮ್ಮ ಕಡೆ ಮಳೆ ಗಾಳಿ ಬಂದರೆ ಸಿಗ್ನಲ್ ಹೋಗುತ್ತದಾದ್ದರಿಂದ ಅವರ ಮನೆ ಎಲ್ಲಿದೆಯೆಂಬುದೂ ಗೊತ್ತಿರಲಿ.